ನೆಂಚ್ಕೊಳ್ಳೋಕೆ ಏನೈತೆ?

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಮೊದಲು ಕೇಳುತ್ತಿದ್ದದ್ದು ನೆಂಚಿಕೊಳ್ಳಲಿಕ್ಕೆ ಏನಿದೆ ಅಂತ. ಅನ್ನ, ಅಕ್ಕಿರೊಟ್ಟಿ, ಕಡುಬು, ಮುದ್ದೆ ಇವೆಲ್ಲ ಇದ್ದೇ ಇರುತ್ತವೆ, ಅವುಗಳ ಬಗ್ಗೆ ಕೇಳುವುದೇನಿದೆ? ತಟ್ಟೆಯ ಅಂಚಿನಲ್ಲಿ ಎರಡು ಬೆರಳಗಲ ಜಾಗದಲ್ಲಿ ಕೂರುವ ಹೋಳು ಉಪ್ಪಿನಕಾಯಿ, ಚಿಟಿಕೆ ಚಟ್ನಿಪುಡಿ, ತೊಟ್ಟು ಗೊಜ್ಜು, ಇವು ಸರಿಯಿದ್ದರೆ ಊಟ ಸರಿ. ಇವು ಕೆಟ್ಟರೆ ಆ ದಿನವೇ ಕೆಟ್ಟ ಹಾಗೆ. ನನಗೀಗ ಅರವತ್ತು ದಾಟಿದೆ. ಆಲೂರಿನ ನನ್ನ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಸೊಸೆ ತಂದಿಟ್ಟ ಟೊಮೆಟೊ ಸಾಸು, ಸೋಯಾ ಸಾಸು, ಹಸಿಮೆಣಸಿನ ಸಾಸು ಸಾಲಾಗಿ ನಿಂತಿವೆ. ಅವುಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಒಂದೊಂದನ್ನೂ ಬೆರಳಿಗೆ ಹಚ್ಚಿ ನೆಕ್ಕಿ ನೋಡಿದ್ದೇನೆ. ಯಾವುದರಲ್ಲಿ ಸಕ್ಕರೆ ಜಾಸ್ತಿ, ಯಾವುದರಲ್ಲಿ ಉಪ್ಪು ಜಾಸ್ತಿ ಅಂತ ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದದೆಯೇ ಹೇಳಬಲ್ಲೆ. ಮದುವೆ ಮನೆಗಳಲ್ಲಿ ಅಡುಗೆಯವರು ಹುಳಿಯ ಹಂಡೆಯ ಮುಂದೆ ನನ್ನನ್ನು ಕರೆದು ನಿಲ್ಲಿಸಿ ಸೌಟು ಚಾಚುತ್ತಾರೆ. ಇದು ಜಂಬವಾಗಿ ಕೇಳಿಸಬಹುದು, ಆದರೆ ಸುಳ್ಳಲ್ಲ. ಹುಟ್ಟುವಾಗ ಈ ನಾಲಿಗೆ ನನಗೆ ಬಂದಿರಲಿಲ್ಲ. ಹತ್ತನೇ ವಯಸ್ಸಿನಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಆ ತಪ್ಪನ್ನು ಸರಿಮಾಡಲು ಹೋಗಿ ಇದನ್ನು ಕಲಿತೆ.

ಆಗ ನಾವಿದ್ದದ್ದು ವನಗೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ. ಅಪ್ಪ ಅಲ್ಲಿ ರೈಟರ್. ಬೆಳಿಗ್ಗೆ ಲೈನುಮನೆಗಳ ಆಳುಗಳ ಹಾಜರಿ ಕೂಗುವುದರಿಂದ ಹಿಡಿದು ಸಂಜೆ ಸ್ಟೋರಿಗೆ ಬೀಗ ಹಾಕುವವರೆಗೆ ಎಲ್ಲವೂ ಅವನದೇ ಕೆಲಸ. ರೈಟರಿಗೆಂದು ಕೊಟ್ಟ ಮನೆಯ ಎದುರಿಗೇ ಕಾಫಿ ಒಣಗಿಸುವ ಕಣ. ಮನೆಯೊಳಗೆ ಕೋಣೆಗಳೆಲ್ಲ ಚಿಕ್ಕವು, ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು. ಅಡುಗೆಮನೆ ಮಾತ್ರ ರೈಲುಡಬ್ಬಿಯ ಹಾಗೆ ಉದ್ದ. ಅದರ ಒಂದು ಗೋಡೆಯ ತುಂಬ ಮರದ ನಾಗಂದಿಗೆ, ಅದರ ಮೇಲೆ ಅಜ್ಜಿಯ ಜಾಡಿಗಳು. ಹೇರಳೆಕಾಯಿಗೆ ಎರಡು ದೊಡ್ಡ ಜಾಡಿ, ಮಾವಿನ ಮಿಡಿಗೆ ಒಂದು, ಕಳಲೆಗೆ ಒಂದು, ನೆಲ್ಲಿಕಾಯಿಗೆ ಕತ್ತು ಒಡೆದ ಒಂದು ಚಿಕ್ಕ ಜಾಡಿ. ಪಕ್ಕದಲ್ಲಿ ಮಜ್ಜಿಗೆ ಮೆಣಸಿನಕಾಯಿಯ ಡಬ್ಬ, ಹುಚ್ಚೆಳ್ಳು ಪುಡಿಯ ಡಬ್ಬ. ಕೊನೆಯಲ್ಲಿ ಒಂದು ಕಪ್ಪು ಬಾಟಲಿಯಲ್ಲಿ ಉಪ್ಪಾಗೆ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ, ಕಾಕಂಬಿಯಷ್ಟು ಗಟ್ಟಿಯಾದ ಹುಳಿ. ಜಾಡಿಗಳ ಬಾಯಿಗೆ ಹಳೆಯ ಪಂಚೆಯ ಬಿಳಿ ತುಂಡು ಕಟ್ಟಿರುತ್ತಿತ್ತು. ಅಜ್ಜಿಯ ಕಾನೂನು ಎರಡೇ. ಒದ್ದೆ ಕೈಯವರು ಜಾಡಿ ಮುಟ್ಟಬಾರದು, ಮಾತಾಡಿಕೊಂಡು ಜಾಡಿ ತೆಗೆಯಬಾರದು. ಒದ್ದೆ ಕೈಯಿಂದ ಬೂಷ್ಟು ಬರುತ್ತದೆ, ಮಾತಿನಿಂದ ಎಂಜಲು ಹಾರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಸುಮ್ಮನಾದರೆ ಜಾಡಿಯ ಹತ್ತಿರ ಹೋಗಿದ್ದಾರೆ ಅಂತಲೇ ಲೆಕ್ಕ.

ಈ ಜಾಡಿಗಳ ನಿಜವಾದ ಯಜಮಾನ ನಮ್ಮ ತಾತ. ಅವನು ಅದೇ ಎಸ್ಟೇಟಿನ ಏಲಕ್ಕಿ ಒಣಗಿಸುವ ಸ್ಟೋರಿನಲ್ಲಿ ಮೂವತ್ತು ವರ್ಷ ಒಲೆ ನೋಡಿಕೊಂಡಿದ್ದವನು. ಹಸಿ ಏಲಕ್ಕಿ ಎಷ್ಟು ಒಣಗಿದೆ ಅನ್ನುವುದನ್ನು ಕೋಣೆಯ ಹೊರಗೆ ನಿಂತು ಮೂಗಿನಿಂದಲೇ ಹೇಳುತ್ತಿದ್ದನಂತೆ. ಎತ್ತರದ ಆಳು, ಮೈಯಲ್ಲಿ ಮಾಂಸವಿಲ್ಲ, ಮಾತು ಕಡಿಮೆ. ಊಟಕ್ಕೆ ಕೂತನೆಂದರೆ ಬಲಗೈಯ ತೋರುಬೆರಳ ತುದಿಯನ್ನು ಉಪ್ಪಿನಕಾಯಿಯ ರಸಕ್ಕೆ ತಾಗಿಸಿ ನಾಲಿಗೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಆಮೇಲೇ ಅನ್ನಕ್ಕೆ ಕೈ ಹಾಕುತ್ತಿದ್ದ. ಬೇರೆಯವರು ಅನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಂಡರೆ ತಾತ ಉಪ್ಪಿನಕಾಯಿಗೆ ಅನ್ನ ನೆಂಚಿಕೊಳ್ಳುತ್ತಿದ್ದ. ಅಜ್ಜಿ ಅದನ್ನು ಬಾಗಿಲ ಪಕ್ಕ ನಿಂತು ನೋಡುತ್ತಿದ್ದಳು. ಅವರಿಬ್ಬರ ಮಧ್ಯೆ ದಿನಕ್ಕೆ ಹತ್ತು ಮಾತೂ ನಡೆಯುತ್ತಿರಲಿಲ್ಲ. ತಾತ ಕಣ್ಣು ಬಿಟ್ಟು ತಲೆಯಾಡಿಸಿದರೆ ಅಜ್ಜಿ ಒಳಗೆ ಹೋಗುತ್ತಿದ್ದಳು, ಅಷ್ಟೇ.

ಆ ವರ್ಷ ದಸರಾ ಕಳೆದ ಮೇಲೆ ತಾತನ ಪಾದ ಊದಿಕೊಂಡವು. ಚಪ್ಪಲಿ ಹಿಡಿಸುತ್ತಿರಲಿಲ್ಲ. ಕಣದ ಮೆಟ್ಟಿಲು ಹತ್ತಿದರೆ ಏದುಸಿರು. ಅಪ್ಪ ಜೀಪಿನಲ್ಲಿ ಸಕಲೇಶಪುರಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದ. ಮಾತ್ರೆಗಳ ಜೊತೆ ಒಂದು ಚೀಟಿ ಬಂತು. ಮನೆಯ ಹೆಂಗಸರಲ್ಲಿ ಓದಿದವಳೆಂದರೆ ಅವ್ವ, ಹತ್ತನೇ ಕ್ಲಾಸು ಪಾಸಾದವಳು. ಚೀಟಿ ಓದಿ, ಮತ್ತೊಮ್ಮೆ ಓದಿ, ಅಜ್ಜಿಗೆ ಹೇಳಿದಳು.

"ಅತ್ತೆ, ರಕ್ತದ ಒತ್ತಡ ಮೇಲಕ್ಕೋಗೈತಂತೆ, ಮೈಯಾಗೆ ನೀರು ನಿಂತೈತಂತೆ. ಉಪ್ಪು ಪೂರ್ತಿ ಬಿಡಿಸ್ಬೇಕಂತೆ. ಉಪ್ಪಿನಕಾಯಂತೂ ಕಣ್ಣಿಗೂ ತೋರಿಸ್ಬೇಡಿ ಅಂತ ಬರ್ದವ್ರೆ."

ಅಜ್ಜಿ ಕೇಳಿದಳು.

"ನನ್ನ ಕೈಯಾಗಿನ ಉಪ್ಪಿನಕಾಯಿ ಈಗ ವಿಷ ಆಗ್ಬುಡ್ತಾ?"

"ನಿಮ್ಮ ಕೈಗೆ ಯಾರೂ ಏನೂ ಅಂದಿಲ್ಲ ಅತ್ತೆ. ಉಪ್ಪಿಗೆ ಅಂದಿರೋದು."

ಅಜ್ಜಿ ಹಟಮಾಡಲಿಲ್ಲ. ಅಂದು ಮಧ್ಯಾಹ್ನವೇ ಒಂದು ಹಳೆಯ ಕಂಬಳಿ ತಂದು ನಾಗಂದಿಗೆಯ ಜಾಡಿಗಳನ್ನೆಲ್ಲ ಮುಚ್ಚಿಬಿಟ್ಟಳು. ಆದರೆ ಅವ್ವನ ಜೊತೆ ಮಾತು ಬಿಟ್ಟಳು. ಚೀಟಿ ಓದಿದ್ದೇ ಅವ್ವನ ತಪ್ಪು ಅನ್ನುವ ಹಾಗೆ.

ತಾತನಿಗೆ ಉಪ್ಪಿಲ್ಲದ ಸಾರು, ಉಪ್ಪಿಲ್ಲದ ಪಲ್ಯ ಬಂತು. ಮೊದಲ ದಿನ ಬೆರಳ ತುದಿ ತಟ್ಟೆಯ ಅಂಚಿಗೆ ಹೋಗಿ ಅಲ್ಲಿ ಏನೂ ಇಲ್ಲದ್ದು ನೋಡಿ ಹಾಗೇ ನಿಂತಿತು. ಎರಡು ತುತ್ತು ತಿಂದು ಕೈ ತೊಳೆದ. ಮರುದಿನವೂ ಹಾಗೇ. ಹದಿನೈದು ದಿನಕ್ಕೆ ಕೆನ್ನೆ ಒಳಗೆ ಹೋದವು. ಅವ್ವ ನೆಲಕ್ಕೆ ಕೂತು ಬೇಡಿಕೊಳ್ಳುತ್ತಿದ್ದಳು.

"ಮಾವ, ಇನ್ನೊಂದ್ ತುತ್ತು ತಗೊಳ್ಳಿ. ಮಾತ್ರೆ ಖಾಲಿ ಹೊಟ್ಟೇಲಿ ತಗೊಳ್ಳಂಗಿಲ್ಲ."

"ಮಣ್ಣು ತಿನ್ನೋಕೆ ಹಸಿವು ಬೇಕಾಗ್ತೈತಾ ತಾಯಿ? ನಂಗೆ ಸಾಕು."

ಕೊಯ್ಲು ಶುರುವಾಗಿತ್ತು. ಕಣದ ತುಂಬ ಕಾಫಿ ಹರಡಿರುತ್ತಿತ್ತು. ತಾತನ ಕೆಲಸ ಕಣದ ಅಂಚಿನ ಕಲ್ಲಿನ ಮೇಲೆ ಬಿಸಿಲಿಗೆ ಕೂತು ಕೋಳಿಗಳನ್ನು ಓಡಿಸುವುದು. ಶಾಲೆಯಿಂದ ಬಂದವಳು ನಾನೂ ಅಲ್ಲಿ ಕೂರುತ್ತಿದ್ದೆ. ಒಂದು ದಿನ ತಾತ ಕಣದ ಕಡೆಗೇ ನೋಡುತ್ತ ಹೇಳಿದ.

"ಪುಟ್ಟಿ, ಹಿಂದಿನ ಸಾಲಿನ ಹೇರಳೆಕಾಯಿ ಜಾಡಿ ಐತಲ್ಲ, ಅದ್ರಾಗೆ ಒಂದೇ ಒಂದು ಹೋಳು. ಯಾರ್ಗೂ ಗೊತ್ತಾಗ್ಬಾರ್ದು."

ನಾನು ಎರಡನೇ ಸಲ ಯೋಚಿಸಲಿಲ್ಲ. ತಾತ ಅಲ್ಲಿಯವರೆಗೆ ನನ್ನನ್ನು ಏನೂ ಕೇಳಿದವನಲ್ಲ. ಅಜ್ಜಿ ಹಿತ್ತಿಲಲ್ಲಿ, ಅವ್ವ ನೀರಿಗೆ ಹೋಗಿದ್ದ ಹೊತ್ತು ನೋಡಿ ಮಣೆಯ ಮೇಲೆ ಮಣೆ ಇಟ್ಟು ಹತ್ತಿದೆ. ಕೈಯನ್ನು ಲಂಗಕ್ಕೆ ಎರಡು ಸಲ ಒರೆಸಿಕೊಂಡೆ. ಕದಿಯುವಾಗಲೂ ಅಜ್ಜಿಯ ಕಾನೂನು ಮೀರಲಿಲ್ಲ ಅನ್ನುವುದನ್ನು ನೆನೆದರೆ ಈಗ ನಗು ಬರುತ್ತದೆ. ಬಾಳೆಲೆಯ ಚೂರಿನಲ್ಲಿ ಸುತ್ತಿ ತಂದುಕೊಟ್ಟೆ. ತಾತ ಅದನ್ನು ಒಮ್ಮೆಗೇ ಬಾಯಿಗೆ ಹಾಕದೆ ಅಂಚು ಕಚ್ಚಿ ಕಚ್ಚಿ ಅರ್ಧ ಗಂಟೆ ತಿಂದ. ಅಂದು ಸಂಜೆ ಪೂರ್ತಿ ಊಟ ಮಾಡಿದ. ಅವ್ವನ ಮುಖ ಅರಳಿತು. ಅದನ್ನು ನೋಡಿ ನಾನೇ ಈ ಮನೆಯನ್ನು ಸರಿ ಮಾಡಿದೆ ಅಂದುಕೊಂಡೆ. ಮರುದಿನ ತಾತ ಕೇಳುವ ಮೊದಲೇ ತಂದೆ.

"ಈ ಮನೇಲಿ ನನ್ನ ಕಷ್ಟ ತಿಳಿಯೋಳು ನೀನೊಬ್ಳೇ ಕಣೆ," ಅಂದ.

ಆ ಮಾತಿನ ರುಚಿ ನನಗೆ ಹತ್ತಿತು. ದಿನಕ್ಕೊಂದು ಹೋಳು ಎರಡಾಯಿತು, ಎರಡು ಮೂರಾಯಿತು. ತಾತ ಉಂಡ, ಅವ್ವ ನೆಮ್ಮದಿಯಾದಳು. ಅಜ್ಜಿ ಕೂಡ ಅವ್ವನ ಜೊತೆ ಒಂದೆರಡು ಮಾತಾಡಿದಳು. ಮೂರು ವಾರ ಹೀಗೇ ನಡೆಯಿತು. ತಾತನ ಪಾದದ ಊತ ಮೊಣಕಾಲಿಗೆ ಏರಿದ್ದನ್ನು ನಾನು ನೋಡಿದೆ. ನೋಡಿದೆ ಅಂತ ಸ್ಪಷ್ಟವಾಗಿಯೇ ಬರೆಯುತ್ತೇನೆ. ಪಂಚೆ ಸರಿದಾಗ ಕಾಲು ಬಾಳೆದಿಂಡಿನ ಹಾಗೆ ಹೊಳೆಯುತ್ತಿತ್ತು. ನೋಡಿಯೂ ಮಾರನೆಯ ದಿನ ಹೋಳು ತಂದುಕೊಟ್ಟೆ.

ಒಂದು ಭಾನುವಾರ ಬೆಳಿಗ್ಗೆ, ರೊಟ್ಟಿ ತಟ್ಟುವ ಹೊತ್ತಿನಲ್ಲಿ, ತಾತ ಹಾಸಿಗೆಯಿಂದ ಎದ್ದು ಕೂತವನು ಮಲಗಲಾರದೆ ಹೋದ. ಎದೆಯೊಳಗೆ ಹುಕ್ಕದ ನೀರು ಗುಡುಗುಡು ಅಂದಂತೆ ಸದ್ದು. ತುಟಿ ನೀಲಿಯಾಗಿತ್ತು. ಅಪ್ಪ ಎಸ್ಟೇಟಿನ ಜೀಪು ತಂದು, ತಾತನನ್ನು ಕೂರಿಸಿಯೇ ಹಿಡಿದುಕೊಂಡು ಆ ಇಳಿಜಾರಿನ ದಾರಿಯಲ್ಲಿ ಸಕಲೇಶಪುರಕ್ಕೆ ಹೋದ. ಹೋಗುವಾಗ ತಾತ ನನ್ನ ಕಡೆ ನೋಡಿದ. ಬಾಯಿ ತೆರೆದ. ಉಸಿರಿಗಷ್ಟೇ ಬಾಯಿ ಸಾಕಾಯಿತು.

ಮನೆಯಲ್ಲಿ ಉಳಿದವರು ನಾವು ಮೂವರು. ಮಧ್ಯಾಹ್ನದ ಹೊತ್ತಿಗೆ ಅಪ್ಪ ಯಾರ ಕೈಯಲ್ಲೋ ಹೇಳಿಕಳಿಸಿದ. ಜೀವಕ್ಕೆ ತೊಂದರೆಯಿಲ್ಲ, ಶ್ವಾಸಕೋಶಕ್ಕೆ ನೀರು ಬಂದಿದೆ, ಇಂಜೆಕ್ಷನ್ ಕೊಟ್ಟಿದ್ದಾರೆ. ಕೊನೆಯಲ್ಲಿ ಇನ್ನೊಂದು ಮಾತು, ಇಷ್ಟು ದಿನವೂ ಉಪ್ಪು ತಿಂದಿದ್ದಾರೆ ಅಂತ ಡಾಕ್ಟರು ಬೈದರು. ಅಜ್ಜಿ ಅಷ್ಟು ಕೇಳಿ ನೆಟ್ಟಗೆ ಅಡುಗೆಮನೆಗೆ ಹೋಗಿ ಕಂಬಳಿ ಎಳೆದಳು. ಒಂದೊಂದೇ ಜಾಡಿ ಬಿಚ್ಚಿದಳು. ಹಿಂದಿನ ಸಾಲಿನ ಹೇರಳೆಕಾಯಿ ಜಾಡಿ ಕೈಯಳತೆ ಕೆಳಗಿಳಿದಿತ್ತು. ಅಜ್ಜಿ ಅದನ್ನು ತಂದು ಅವ್ವನ ಮುಂದೆ ಇಟ್ಟಳು.

"ಇದನ್ನ ಯಾರು ತೆಗ್ದಿದ್ದು ರತ್ನ?"

"ನಂಗೊತ್ತಿಲ್ಲ ಅತ್ತೆ. ಡಾಕ್ಟ್ರು ಬೈದ್ರು ಅಂದಾಗ ನೀವೇ ಕೊಟ್ಟಿದ್ರೇನೋ ಅನ್ಕೊಂಡೆ."

"ನಾನಾ? ಮುಚ್ಚಿ ಇಟ್ಟೋಳೇ ನಾನು. ಇಪ್ಪತ್ತು ದಿನದಿಂದ ಅವ್ರು ಉಣ್ಣೋಕೆ ಶುರು ಮಾಡಿದ್ರಲ್ಲ, ಆವಾಗ್ಲೇ ನಿನ್ನ ಮುಖದಾಗೆ ನಗು ನೋಡ್ದೆ. ಓದಿದೋಳು ನೀನು. ಉಪ್ಪು ಕೊಟ್ರೆ ಏನಾಯ್ತದೆ ಅಂತ ನಿಂಗೊಬ್ಳಿಗೇ ಗೊತ್ತಿದ್ದಿದ್ದು. ಮುದುಕನ ಚಾಕರಿ ಸಾಕಾಗ್ಬುಟ್ಟಿತ್ತಾ?"

ಅವ್ವನ ಕೈಯಲ್ಲಿ ಮೊರ ಇತ್ತು. ಅದನ್ನು ನಿಧಾನಕ್ಕೆ ಕೆಳಗಿಟ್ಟಳು. ಆಮೇಲೆ ಅವಳು ಮಾತಾಡಿದ ಧ್ವನಿಯನ್ನು ನಾನು ಆ ಮೊದಲು ಕೇಳಿರಲಿಲ್ಲ, ಆ ಮೇಲೂ ಕೇಳಲಿಲ್ಲ.

"ಹನ್ನೆರಡು ವರ್ಷ ಆಯ್ತು ಅತ್ತೆ ನಾನು ಈ ಮನೆಗೆ ಬಂದು. ಬೈದಿದ್ದೀರಿ, ತಡ್ಕೊಂಡಿದೀನಿ. ಈ ಮಾತು ಹೊತ್ಕೊಂಡು ನಾನು ಇಲ್ಲಿ ಇರಲಾರೆ. ಮಾವ ಮನೆಗೆ ಬರ್ಲಿ, ಅವ್ರ ಮುಖ ನೋಡಿ ನಮ್ಮಣ್ಣನ ಮನೆಗೆ ಹೋಗ್ತೀನಿ."

ನಾನು ಬಾಗಿಲ ಪಕ್ಕದಲ್ಲಿದ್ದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು ಹೊಳೆಯಿತು. ತಾತ ಹೇಳುವುದಿಲ್ಲ, ಬಾಳೆಲೆಗಳನ್ನು ಕೋಳಿ ಕೆದಕಿ ಹಾಕಿವೆ. ಅವ್ವ ಒಳಕೋಣೆಗೆ ಹೋಗಿ ಟ್ರಂಕಿನ ಚಿಲಕ ತೆಗೆದ ಸದ್ದು ಕೇಳಿತು. ಆ ಸದ್ದಿಗೆ ನನ್ನ ಕಾಲು ತಾನೇ ಅಡುಗೆಮನೆಯ ಮಧ್ಯಕ್ಕೆ ಬಂತು.

"ನಾನು ಕೊಟ್ಟಿದ್ದು ಅಜ್ಜಿ. ದಿನಾ ನಾನೇ ಕೊಟ್ಟಿದ್ದು. ಮೊದಲು ಒಂದು ಹೋಳು, ಆಮೇಲೆ ಮೂರು. ಕೈ ಒರೆಸ್ಕೊಂಡೇ ತೆಗ್ದೆ."

ಅಜ್ಜಿ ನನ್ನನ್ನು ಹೊಡೆಯುತ್ತಾಳೆ ಅಂತ ಕಣ್ಣು ಮುಚ್ಚಿದೆ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವಳು ಜಾಡಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಅವ್ವ ಒಳಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಮಡಿಸಿದ ಸೀರೆ. ಆಮೇಲೆ ಅಜ್ಜಿ ಎದ್ದು ಒಲೆ ಊದಿದಳು. ಬೆಳಿಗ್ಗೆ ಅರ್ಧಕ್ಕೆ ನಿಂತಿದ್ದ ಹಿಟ್ಟನ್ನು ತಟ್ಟಿ ರೊಟ್ಟಿ ಬೇಯಿಸಿದಳು. ಮೊದಲ ರೊಟ್ಟಿಯನ್ನು ತಟ್ಟೆಗೆ ಹಾಕಿ, ಬೆಣ್ಣೆಯಿಟ್ಟು, ಅವ್ವನ ಮುಂದೆ ತಂದಳು. ಮನೆಯಲ್ಲಿ ಮೊದಲ ರೊಟ್ಟಿ ಯಾವಾಗಲೂ ಗಂಡಸರಿಗೆ ಹೋಗುತ್ತಿತ್ತು.

"ತಿನ್ನು. ಬೆಳಿಗ್ಗಿಂದ ಏನೂ ತಿಂದಿಲ್ಲ ನೀನು," ಅಂದಳು. ಅದಕ್ಕಿಂತ ಹೆಚ್ಚು ಅಜ್ಜಿಗೆ ಹೇಳಲು ಬರುತ್ತಿರಲಿಲ್ಲ. ಅವ್ವ ಸೀರೆಯನ್ನು ಪಕ್ಕಕ್ಕಿಟ್ಟು ತಟ್ಟೆ ತೆಗೆದುಕೊಂಡಳು.

ಎರಡು ದಿನ ಬಿಟ್ಟು ನಾವೆಲ್ಲ ಆಸ್ಪತ್ರೆಗೆ ಹೋದೆವು. ತಾತನ ಕಾಲು ಇಳಿದಿತ್ತು. ನಮ್ಮನ್ನು ನೋಡಿದ ಕೂಡಲೇ ತಾನೇ ಮಾತು ತೆಗೆದ.

"ಕೂಸಿನ ಮೇಲೆ ಯಾರೂ ಕೈ ಮಾಡ್ಕೂಡ್ದು. ಕೇಳಿದ್ದು ನಾನು."

ಅಜ್ಜಿ ಮಂಚದ ಹತ್ತಿರ ಹೋಗಿ ನಿಂತಳು. ಅಷ್ಟು ಜನರ ಮುಂದೆ ಅವಳು ತಾತನಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಕೇಳಿದ್ದು ನೀವು ಅಂತ ನಂಗೆ ಯಾರೂ ಹೇಳ್ಬೇಕಾಗಿಲ್ಲ. ಹತ್ತು ವರ್ಷದ ಮಗೂನ ಕಳ್ಳಿ ಮಾಡಿದ್ರಲ್ಲ. ನೀವು ಹೋಗ್ಬುಟ್ಟಿದ್ರೆ ಅದು ಬದುಕಿರೋವರ್ಗೂ ಏನು ಅಂದ್ಕೊಂಡಿರ್ತಿತ್ತು?"

ತಾತ ಗೋಡೆಯ ಕಡೆ ತಿರುಗಿ ಮಲಗಿದ. ಅವನ ಭುಜ ಅಲುಗುತ್ತಿತ್ತು. ನಾನು ಮಂಚದ ಕಬ್ಬಿಣದ ಕಾಲು ಹಿಡಿದು ನಿಂತಿದ್ದೆ. ಅಜ್ಜಿ ಹೇಳಿದ ಆ ಮಾತು ನನಗೆ ಅಂದು ಪೂರ್ತಿ ಅರ್ಥವಾಗಲಿಲ್ಲ, ಆದರೆ ಅದು ನನ್ನ ಪರವಾಗಿ ಆಡಿದ ಮಾತು ಅನ್ನುವುದು ತಿಳಿಯಿತು.

ವಾಪಸು ಬಂದ ಸಂಜೆ ಅವ್ವ ನನ್ನನ್ನು ಕೂರಿಸಿಕೊಂಡಳು. ತಾತ ಇನ್ನು ಮೂರು ದಿನಕ್ಕೆ ಮನೆಗೆ ಬರುತ್ತಾನೆ, ಅಷ್ಟರೊಳಗೆ ಉಪ್ಪಿಲ್ಲದೆ ನೆಂಚಿಕೊಳ್ಳಲಿಕ್ಕೆ ಏನಾದರೂ ಮಾಡಬೇಕು, ಇಲ್ಲದಿದ್ದರೆ ಮತ್ತೆ ಉಪವಾಸ ಬೀಳುತ್ತಾನೆ ಅಂದಳು. ಮಾಡುವುದು ಅವಳು ಮತ್ತು ಅಜ್ಜಿ. ರುಚಿ ನೋಡುವವಳು ನಾನು.

"ನಮ್ಮಿಬ್ರ ನಾಲ್ಗೆಗೂ ಉಪ್ಪು ಹತ್ತಿಬುಟ್ಟೈತೆ, ನಮ್ಗೆ ಗೊತ್ತಾಗಲ್ಲ. ನೀನು ಚಿಕ್ಕೋಳು. ಇವತ್ತಿಂದ ತಾತ ಏನು ಉಣ್ತಾನೋ ಅದನ್ನೇ ಉಣ್ಣು. ಆವಾಗ ಅವನ ನಾಲ್ಗೆಗೆ ಏನು ಬೇಕು ಅಂತ ನಿಂಗೆ ಗೊತ್ತಾಯ್ತದೆ."

ಅದು ಶಿಕ್ಷೆಯೋ ಕೆಲಸವೋ ಅಂತ ಅವಳು ಹೇಳಲಿಲ್ಲ. ನಾನು ಉಪ್ಪು ಬಿಟ್ಟೆ. ಮೊದಲ ವಾರ ಅಳು ಬರುತ್ತಿತ್ತು. ಬೇಳೆಸಾರು ಬಿಸಿನೀರಿನ ಹಾಗೆ, ಬೀನ್ಸ್ ಪಲ್ಯ ಹುಲ್ಲಿನ ಹಾಗೆ. ತಾತ ಯಾಕೆ ಕೇಳಿದ ಅನ್ನುವುದು ಆಗ ನನಗೆ ಗೊತ್ತಾಯಿತು. ಅವನ ಮೇಲೆ ನನಗಿದ್ದ ಸಣ್ಣ ಸಿಟ್ಟೂ ಹೋಯಿತು.

ತಾತ ಬಂದ. ಮೊದಲ ದಿನ ಹುಣಸೆಹಣ್ಣು, ಬೆಲ್ಲ, ಮೆಣಸಿನಪುಡಿಯ ಗೊಜ್ಜು ಇಟ್ಟೆವು. ಬೆರಳಿಗೆ ತಾಗಿಸಿ ನೆಕ್ಕಿ, "ಮಕ್ಳ ತಿಂಡಿ," ಅಂದ. ಮರುದಿನ ನಿಂಬೆರಸಕ್ಕೆ ಶುಂಠಿ ಹೆಚ್ಚಿ ಹಾಕಿದ್ದು. ಹಲ್ಲು ಚುಳ್ ಅಂತು ಅಂದು ಪಕ್ಕಕ್ಕೆ ಸರಿಸಿದ. ಹುಚ್ಚೆಳ್ಳು ಪುಡಿಯನ್ನು ಉಪ್ಪು ಬಿಟ್ಟು ಮಾಡಿದೆವು. ಪರವಾಗಿಲ್ಲ, ಒಣ ಅಂದ. ಸುಮಾರು ಹತ್ತು ದಿನ ಹೀಗೇ. ಅವ್ವ ಸೋತು ಕೂತಳು. ಆದರೆ ಅಷ್ಟರಲ್ಲಿ ನನ್ನ ನಾಲಿಗೆಗೆ ಏನೋ ಆಗುತ್ತಿತ್ತು. ಅನ್ನದಲ್ಲಿ ಸಿಹಿಯಿದೆ ಅನ್ನುವುದು ಒಂದು ಮಧ್ಯಾಹ್ನ ತಿಳಿಯಿತು. ಹರಿವೆ ಸೊಪ್ಪಿನಲ್ಲಿ ತಾನಾಗಿಯೇ ಸ್ವಲ್ಪ ಉಪ್ಪಿದೆ. ಹಳೆ ಬೇಳೆಗೂ ಹೊಸ ಬೇಳೆಗೂ ವ್ಯತ್ಯಾಸ ಇದೆ. ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅವಳು ನನ್ನನ್ನೇ ನೋಡಿದಳು.

"ಹಂಗಾದ್ರೆ ಹೇಳು, ಅವತ್ತು ಇಟ್ಟ ನಿಂಬೆರಸದಾಗೆ ಏನ್ ಕಮ್ಮಿ ಇತ್ತು?"

ನಾನು ಯೋಚಿಸಿ ಹೇಳಿದೆ. "ಹುಳಿ ಬಂದು ಹೊರಟೋಯ್ತದೆ ಅಜ್ಜಿ. ನಿಲ್ಲಲ್ಲ. ಉಪ್ಪಿನಕಾಯಿ ಆದ್ರೆ ನುಂಗಿದ್ ಮೇಲೂ ಬಾಯಾಗೆ ಇರ್ತೈತೆ."

ಅಜ್ಜಿ ಎದ್ದುಹೋಗಿ ನಾಗಂದಿಗೆಯ ಕೊನೆಯಿಂದ ಆ ಕಪ್ಪು ಬಾಟಲಿ ತಂದಳು.

"ನಿಲ್ಲೋ ಹುಳಿ ಅಂದ್ರೆ ಉಪ್ಪಾಗೇದು. ಸುಟ್ಟಿರೋ ವಾಸ್ನೆ ಬೇರೆ ಐತೆ."

"ಇದ್ರ ಹೆಸ್ರಲ್ಲೇ ಉಪ್ಪೈತಲ್ಲ ಅಜ್ಜಿ, ಡಾಕ್ಟ್ರು ಬೈಯಲ್ವಾ?"

ಅಜ್ಜಿ ನಕ್ಕಳು. ಎಷ್ಟೋ ದಿನದ ಮೇಲೆ. "ಹೆಸ್ರಲ್ಲಿ ಮಾತ್ರ ಕಣೆ. ಒಳಗೆ ಒಂದ್ ಹರಳೂ ಇಲ್ಲ."

ಆ ಮಧ್ಯಾಹ್ನ ಮೂವರೂ ಸೇರಿ ಮಾಡಿದ್ದನ್ನು ನಾನು ಈಗಲೂ ಅದೇ ಕ್ರಮದಲ್ಲಿ ಮಾಡುತ್ತೇನೆ. ಎರಡು ಗೆಡ್ಡೆ ಬೆಳ್ಳುಳ್ಳಿಯನ್ನು ಸಿಪ್ಪೆಸಮೇತ ಕೆಂಡದಲ್ಲಿ ಸುಟ್ಟು, ಮೆತ್ತಗಾದ ಎಸಳು ಹಿಂಡಿ ತೆಗೆದೆವು. ಬಳ್ಳಿಯಿಂದ ಆಗತಾನೆ ಕಿತ್ತ ಹಸಿ ಕಾಳುಮೆಣಸಿನ ಒಂದು ಹಿಡಿ ಗೊಂಚಲನ್ನು ಬಿಡಿಸಿ ಒರಳಲ್ಲಿ ಜಜ್ಜಿದೆವು, ನುಣ್ಣಗಾಗಬಾರದು. ನಾಲ್ಕು ಸೂಜಿಮೆಣಸು. ಅದಕ್ಕೆ ಅಜ್ಜಿ ಕಪ್ಪು ಹುಳಿಯನ್ನು ತೊಟ್ಟು ತೊಟ್ಟಾಗಿ ಬಿಟ್ಟಳು, ನಾನು ಪ್ರತಿ ಸಲ ನೆಕ್ಕಿ ಹೇಳುತ್ತಿದ್ದೆ, ಇನ್ನೊಂದು ಚೂರು, ಇನ್ನೊಂದು ಚೂರು, ಸಾಕು. ಸಾಕು ಅಂದ ಮೇಲೂ ಅಜ್ಜಿ ಒಂದು ತೊಟ್ಟು ಹಾಕಲು ಹೋದಳು. ನಾನು ಅವಳ ಕೈ ಹಿಡಿದೆ. ಆ ಮನೆಯಲ್ಲಿ ಅಜ್ಜಿಯ ಕೈಯನ್ನು ಯಾರೂ ಹಿಡಿದಿರಲಿಲ್ಲ. ಅವಳು ಬಾಟಲಿಗೆ ಬಿರಡೆ ಹಾಕಿದಳು. ಕೊನೆಗೆ ಅವ್ವ ಎಣ್ಣೆ ಕಾಯಿಸಿ ಸಾಸಿವೆ ಒಗ್ಗರಣೆ ಕೊಟ್ಟಳು. ಬೆಲ್ಲ ಒಂದು ಕಡಲೆಯಷ್ಟು, ಸಿಹಿ ಗೊತ್ತಾಗಬಾರದು, ಹುಳಿಯ ಮೊನೆ ಮುರಿಯಲಿಕ್ಕೆ ಮಾತ್ರ.

ತಾತ ಊಟಕ್ಕೆ ಕೂತ. ಅಜ್ಜಿ ಬಾಗಿಲ ಪಕ್ಕ, ಅವ್ವ ಒಲೆಯ ಹತ್ತಿರ, ನಾನು ಅವನ ಎದುರಿಗೆ ನನ್ನ ತಟ್ಟೆಯೊಡನೆ. ಬೆರಳ ತುದಿ ತಾಗಿಸಿ ನಾಲಿಗೆಗಿಟ್ಟ. ಕಣ್ಣು ಮುಚ್ಚಿದ. ಮತ್ತೊಮ್ಮೆ ತೆಗೆದುಕೊಂಡ. ಆಮೇಲೆ ಕಣ್ಣು ಬಿಟ್ಟು, ಮುಖ ಗಂಟಿಕ್ಕಿ, ನನ್ನನ್ನೇ ಕೇಳಿದ.

"ನಿಜ ಹೇಳು ಪುಟ್ಟಿ. ಇದಕ್ಕೆ ಉಪ್ಪು ಹಾಕಿದ್ದೀಯಾ?"

"ಹೆಸ್ರಲ್ಲಿ ಮಾತ್ರ ತಾತ."

ಅಂದು ತಾತ ಎರಡನೇ ಸಲ ಅನ್ನ ಹಾಕಿಸಿಕೊಂಡ. ಅವ್ವ ಬಡಿಸುವ ಅವಸರದಲ್ಲಿ ನಾಲ್ಕು ಅಗುಳು ನೆಲಕ್ಕೆ ಬಿದ್ದವು. ನನಗೆ ಓಡಿಹೋಗಿ ಕಣವನ್ನೆಲ್ಲ ಸುತ್ತಿಬರಬೇಕು ಅನ್ನಿಸಿತು. ಹೋಗಲಿಲ್ಲ. ತಾತನ ಹಾಗೇ ಬೆರಳ ತುದಿಯಿಂದ ತೆಗೆದುಕೊಂಡು ಊಟ ಮುಗಿಸಿದೆ.

ಅಲ್ಲಿಂದ ನಾಗಂದಿಗೆಯ ಮೇಲೆ ಇನ್ನೊಂದು ಸಾಲು ಬೆಳೆಯಿತು. ಕಾಳುಮೆಣಸಿನ ಗೊಜ್ಜು, ತೋಟದ ಕಿತ್ತಳೆಯ ಸಿಪ್ಪೆಯ ಗೊಜ್ಜು, ಒಣ ಅನ್ನಿಸದ ಹಾಗೆ ಕೊಬ್ಬರಿ ಸೇರಿಸಿದ ಹುಚ್ಚೆಳ್ಳು ಪುಡಿ, ಸುಟ್ಟ ಬದನೆಯಲ್ಲಿ ಅರೆದ ಸೂಜಿಮೆಣಸು. ಉಪ್ಪಿಲ್ಲದ್ದು ಜಾಡಿಯಲ್ಲಿ ನಿಲ್ಲುವುದಿಲ್ಲ ಅನ್ನುವುದನ್ನು ಬೂಷ್ಟು ಬಂದ ಎರಡು ಜಾಡಿಗಳಿಂದ ಕಲಿತೆವು. ಹಾಗಾಗಿ ನಾಲ್ಕು ದಿನಕ್ಕಾಗುವಷ್ಟೇ ಮಾಡುವುದು, ಮುಗಿದ ಮೇಲೆ ಮತ್ತೆ ಮಾಡುವುದು. ಅಜ್ಜಿ ಅವ್ವನನ್ನು ಕರೆದು ಅಳತೆ ಕೇಳುತ್ತಿದ್ದಳು, ಅವ್ವ ನನ್ನನ್ನು ಕೇಳುತ್ತಿದ್ದಳು. ಶಾಲೆಯಲ್ಲಿ ಲೆಕ್ಕ ತಪ್ಪಿದರೂ, ಓಟದಲ್ಲಿ ಕೊನೆಗೆ ಬಂದರೂ ನಾನು ತಲೆ ತಗ್ಗಿಸಲಿಲ್ಲ. ಮನೆಯಲ್ಲಿ ನನ್ನನ್ನು ಕೇಳದೆ ಒಗ್ಗರಣೆ ಬೀಳುವುದಿಲ್ಲ ಅನ್ನುವುದು ಗೊತ್ತಿದ್ದ ಹುಡುಗಿ ಯಾಕೆ ತಲೆ ತಗ್ಗಿಸುತ್ತಾಳೆ?

ಮರುವರ್ಷದ ಯುಗಾದಿಯ ಹೊತ್ತಿಗೆ ತಾತನ ಕಾಲಿನ ಊತ ಪೂರ್ತಿ ಹೋಗಿತ್ತು. ಕಣದ ಮೆಟ್ಟಿಲು ನಿಲ್ಲದೆ ಹತ್ತುತ್ತಿದ್ದ. ಡಾಕ್ಟರು ನೋಡಿ, ಹಬ್ಬದ ದಿನ ನಾಲಿಗೆ ತುದಿಗೆ ಒಂದು ಚೂರು ಉಪ್ಪಿನಕಾಯಿ ಆದರೆ ಅಡ್ಡಿಯಿಲ್ಲ ಅಂದರಂತೆ. ಅಜ್ಜಿ ಆ ಮಾತನ್ನು ಒಂದು ವಾರ ಸೆರಗಿನಲ್ಲಿ ಕಟ್ಟಿಕೊಂಡಂತೆ ಇದ್ದಳು. ಹಬ್ಬದ ದಿನ ಒಬ್ಬಟ್ಟಿನ ಊಟಕ್ಕೆ ಕೂತಾಗ ತಾನೇ ಹೇರಳೆಕಾಯಿಯ ಜಾಡಿ ಬಿಚ್ಚಿ, ಉಗುರಿನಷ್ಟು ಹೋಳು ತಂದು ತಾತನ ಎಲೆಯ ಅಂಚಿಗೆ ಇಟ್ಟಳು. ಮತ್ತೆ ಬಾಗಿಲ ಪಕ್ಕ ಹೋಗಿ ನಿಂತಳು. ಎಲ್ಲರೂ ಉಣ್ಣುವುದನ್ನು ನಿಲ್ಲಿಸಿದ್ದೆವು. ತಾತ ಬೆರಳು ತಾಗಿಸಿದ, ನಾಲಿಗೆಗಿಟ್ಟ, ಕಣ್ಣು ಮುಚ್ಚಿದ. ಮುಖ ಕಿವುಚಿತು. ನೀರಿನ ಲೋಟಕ್ಕೆ ಕೈ ಹಾಕಿದ.

"ಉಪ್ಪು ಜಾಸ್ತಿ ಆಗೈತಲ್ಲೇ."

"ನಲವತ್ತು ವರ್ಷದಿಂದ ಇಷ್ಟೇ ಹಾಕ್ತಿರೋದು," ಅಂದಳು ಅಜ್ಜಿ.

"ಹಂಗಾದ್ರೆ ನಲವತ್ತು ವರ್ಷದಿಂದ ಜಾಸ್ತಿ ಆಗೈತೆ."

ಅಪ್ಪ ತಲೆ ತಗ್ಗಿಸಿದ. ಅವ್ವ ಅತ್ತೆಯ ಮುಖ ನೋಡಲು ಹೆದರಿ ಎಲೆಯನ್ನೇ ನೋಡುತ್ತಿದ್ದಳು. ಅಜ್ಜಿ ಎರಡು ಹೆಜ್ಜೆ ಮುಂದೆ ಬಂದು, ಬಗ್ಗಿ, ತಾತನ ಎಲೆಯಿಂದ ಆ ಹೋಳನ್ನು ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು. ಎಲ್ಲರ ಮುಂದೆ ಗಂಡನ ಎಲೆಗೆ ಕೈ ಹಾಕಿದ್ದೇನೆ ಅನ್ನುವುದು ಅವಳಿಗೆ ನೆನಪೇ ಇದ್ದಂತಿರಲಿಲ್ಲ. ನಿಧಾನಕ್ಕೆ ಅಗಿದಳು.

"ನಂಗೇನೂ ಜಾಸ್ತಿ ಅನ್ನಿಸ್ತಿಲ್ಲ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಬಾಯಿ ಮಾತ್ರ ನಗುತ್ತಿತ್ತು.

ತಾತ ನನ್ನ ಕಡೆ ತಿರುಗಿದ.

"ಪುಟ್ಟಿ, ನಮ್ಮದು ತಗೊಂಡ್ ಬಾ."

ನಮ್ಮದು ಅಂದರೆ ಯಾವುದು ಅಂತ ನಾನು ಕೇಳಲಿಲ್ಲ. ಎದ್ದುಹೋಗಿ ತಂದೆ.